ಗೋಡೆ ಮತ್ತು ಚಾವಣಿಯ ತೆಳುಲೇಪವನ್ನು ಅಗಲ ಬ್ಲೇಡಿನಿಂದ ಸಮತಟ್ಟು ಮಾಡುವ ಕ್ರಮ

ಗೋಡೆ ನುಣುಪಾಗಿರುವುದು ಬೇರೆ, ಸಮತಟ್ಟಾಗಿರುವುದು ಬೇರೆ. ಅಂಗೈಯಿಂದ ಸವರಿದಾಗ ಎಲ್ಲಿಯೂ ತಡೆಯದೆ ಜಾರುವ ಗೋಡೆಯೂ ಕಿಟಕಿಯಿಂದ ಓರೆ ಬೆಳಕು ಬಿದ್ದೊಡನೆ ಅಲೆಅಲೆಯಾಗಿ ಕಾಣುವುದುಂಟು. ಕರಣೆಯ ಉದ್ದ ಸಾಮಾನ್ಯವಾಗಿ ಒಂದಡಿಯಿಂದ ಒಂದೂವರೆ ಅಡಿಯೊಳಗೆ ಇರುವುದರಿಂದ ಅದು ತಗ್ಗು ಬಂದಲ್ಲಿ ಇಳಿದು, ಉಬ್ಬು ಬಂದಲ್ಲಿ ಏರಿ, ಮೊದಲಿದ್ದ ಏರುಪೇರನ್ನೇ ನಯಗೊಳಿಸಿ ಮುಂದೆ ಹೋಗುತ್ತದೆ. ಅಗಲ ಬ್ಲೇಡು ಹಾಗಲ್ಲ. ಅದು ಅಕ್ಕಪಕ್ಕದ ಎರಡು ಉಬ್ಬುಗಳ ಮೇಲೆ ಸೇತುವೆಯಂತೆ ಕುಳಿತು, ಉಬ್ಬಿನ ಮೇಲಿರುವ ಹೆಚ್ಚುವರಿ ಗಾರೆಯನ್ನು ಎಳೆದು ನಡುವಿನ ತಗ್ಗಿಗೆ ತುಂಬುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸೂಚನೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಸಲಕರಣೆಯ ರಚನೆ ಸರಳವಾಗಿದೆ. ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ಕಿನ ಉದ್ದನೆಯ ಹಿಡಿಪಟ್ಟಿ, ಅದಕ್ಕೆ ಕೂಡಿಸಿದ ತೆಳುವಾದ ಅಲಗು, ಇಷ್ಟೇ. ಸ್ಟೇನ್‌ಲೆಸ್ ಸ್ಟೀಲಿನ ಅಲಗುಗಳು ಹೆಚ್ಚಾಗಿ 0.3 ರಿಂದ 0.5 ಮಿ.ಮೀ. ದಪ್ಪ ಇರುತ್ತವೆ. ಹೆಚ್ಚು ತೆಳುವಾದದ್ದು ಬೇಗ ಬಾಗುವುದರಿಂದ ಕೊನೆಯ ಹಂತದ ಕೆಲಸಕ್ಕೆ ಒಪ್ಪುತ್ತದೆ. ದಪ್ಪನೆಯದು ಸ್ವಲ್ಪ ಬಿರುಸಾಗಿ ನಿಲ್ಲುವುದರಿಂದ ಗಾರೆಯನ್ನು ಹರಡಿ ಮಟ್ಟ ತರುವುದಕ್ಕೆ ಯೋಗ್ಯವಾಗಿದೆ. ಪ್ಲಾಸ್ಟಿಕ್ ಅಲಗು ಹಸಿಯಾದ ಗಾರೆಯನ್ನು ಸ್ಟೀಲಿನಷ್ಟು ಕೆರೆಯುವುದಿಲ್ಲ. ಅಗಲದ ವಿಷಯದಲ್ಲಿ 400 ಮಿ.ಮೀ. ನಿಂದ 1200 ಮಿ.ಮೀ. ಮತ್ತು ಅದಕ್ಕೂ ಹೆಚ್ಚಿನ ಅಳತೆಗಳು ಸಿಗುತ್ತವೆ. ಹೊಸದಾಗಿ ಕಲಿಯುವವರು 600 ಮಿ.ಮೀ. ಬ್ಲೇಡಿನಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಬ್ಲೇಡು ಕೆಲಸವನ್ನು ಬೇಗ ಮುಗಿಸುತ್ತದೆ ಎಂಬುದು ನಿಜವಾದರೂ, ಎರಡೂ ಕೈಗಳ ಒತ್ತಡವನ್ನು ಒಂದೇ ಸಮನಾಗಿ ಇಡಲು ಬಾರದವರ ಕೈಯಲ್ಲಿ ಅದು ಮೂಡಿಸುವ ಗೆರೆಗಳೂ ಅಷ್ಟೇ ಉದ್ದವಾಗಿರುತ್ತವೆ. ಬಾಗಿಲು ಕಿಟಕಿಗಳ ನಡುವಿನ ಕಿರಿದಾದ ಜಾಗಕ್ಕೆ 400 ಮಿ.ಮೀ. ಬ್ಲೇಡು ಬೇಕೇಬೇಕು.

ಹೊಸ ಬ್ಲೇಡನ್ನು ತಂದ ಹಾಗೆಯೇ ಗೋಡೆಗೆ ಹಚ್ಚಬಾರದು. ಕತ್ತರಿಸುವಾಗ ಉಳಿದ ಸಣ್ಣ ಮುಳ್ಳುಗಳು ಅಂಚಿನಲ್ಲಿ ಇರಬಹುದು, ಮೂಲೆಗಳು ಚೂಪಾಗಿರಬಹುದು. ಅಂತಹ ಒಂದೇ ಒಂದು ಮುಳ್ಳು ಗೋಡೆಯ ಉದ್ದಕ್ಕೂ ಗೀರೆಳೆಯುತ್ತದೆ. ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ, ಒಂದು ಸಪಾಟಾದ ಮರದ ತುಂಡಿಗೆ ಸುತ್ತಿ, ಅಂಚಿನ ಉದ್ದಕ್ಕೂ ಹಗುರವಾಗಿ ಉಜ್ಜಬೇಕು. ಮೂಲೆಗಳು ದುಂಡಗಿಲ್ಲದಿದ್ದರೆ ತುಸು ದುಂಡಗಾಗಿಸಬೇಕು. ಬಳಿಕ ಅಂಚನ್ನು ಒಂದು ಗಾಜಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಬೆಳಕು ಹಿಡಿದರೆ, ಅಲಗು ನೇರವಾಗಿದೆಯೋ ಇಲ್ಲವೋ ತಿಳಿಯುತ್ತದೆ.

ಬ್ಲೇಡು ಏನನ್ನು ಮಾಡಲಾರದು ಎಂಬುದನ್ನೂ ಮೊದಲೇ ಅರಿತಿರಬೇಕು. ತನ್ನ ಅಗಲಕ್ಕಿಂತ ಕಿರಿದಾದ ತಗ್ಗನ್ನು ಅದು ತುಂಬುತ್ತದೆ. ಅದಕ್ಕಿಂತ ವಿಶಾಲವಾದ ತಗ್ಗಿನೊಳಗೆ ತಾನೇ ಇಳಿದುಬಿಡುತ್ತದೆ. ಎರಡು ಕೋಟು ಸೇರಿ ಲೇಪದ ದಪ್ಪ 2 ರಿಂದ 3 ಮಿ.ಮೀ. ಇರುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲು ಒಂದು ಉದ್ದನೆಯ ಮಟ್ಟಗೋಲನ್ನು ಗೋಡೆಗೆ ಅಡ್ಡಲಾಗಿ, ಉದ್ದಕ್ಕೆ ಮತ್ತು ಓರೆಯಾಗಿ ಹಿಡಿದು ನೋಡಿ, ಆಳವಾದ ತಗ್ಗುಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಅವುಗಳನ್ನು ಪ್ರತ್ಯೇಕವಾಗಿ ತುಂಬಿ ಗಟ್ಟಿಯಾಗಲು ಬಿಟ್ಟ ನಂತರವೇ ತೆಳುಲೇಪಕ್ಕೆ ಕೈ ಹಾಕಬೇಕು. ಎದ್ದು ನಿಂತ ಗಾರೆಯ ಹನಿಗಳನ್ನು ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಬ್ಲೇಡು ಪ್ರತಿ ಸಲವೂ ಅದೇ ಹನಿಗೆ ತಾಗಿ ಕುಪ್ಪಳಿಸುತ್ತದೆ.

ಗೋಡೆ ನೀರನ್ನು ಹೇಗೆ ಹೀರುತ್ತದೆ ಎಂಬುದು ಇನ್ನೊಂದು ಮುಖ್ಯ ವಿಷಯ. ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನವಾಗಿ ಹೀರುವ ಗೋಡೆಯ ಮೇಲೆ ಲೇಪವೂ ತುಂಡುತುಂಡಾಗಿ ಬಿಗಿಯುತ್ತದೆ. ಆಗ ಬ್ಲೇಡಿನ ಅರ್ಧ ಭಾಗ ಗಟ್ಟಿಯಾದ ಜಾಗದಲ್ಲಿ ಜಾರುತ್ತ, ಉಳಿದರ್ಧ ಹಸಿಯಾದ ಜಾಗದಲ್ಲಿ ಹೂತುಹೋಗುತ್ತ ಸಾಗುತ್ತದೆ. ಎಷ್ಟೇ ನುರಿತ ಕೈಯಾದರೂ ಇದನ್ನು ಸರಿಪಡಿಸಲಾಗದು. ಆದುದರಿಂದ ಧೂಳನ್ನು ಪೂರ್ತಿಯಾಗಿ ಒರೆಸಿ, ಬಳಸುವ ಗಾರೆಗೆ ತಕ್ಕ ಪ್ರೈಮರನ್ನು ಎಲ್ಲ ಕಡೆಯೂ ಸಮನಾಗಿ ಬಳಿದಿರಬೇಕು.

ಜಿಪ್ಸಂ ಗಾರೆಯನ್ನು ಕಲಸುವಾಗ ನೀರಿಗೆ ಪುಡಿಯನ್ನು ಹಾಕಬೇಕು, ಪುಡಿಗೆ ನೀರನ್ನಲ್ಲ. ಗಂಟಿಲ್ಲದ, ದೋಸೆಹಿಟ್ಟಿಗಿಂತ ತುಸು ಗಟ್ಟಿಯಾದ ಹದಕ್ಕೆ ಬಂದರೆ ಸಾಕು. ಬಕೆಟ್ಟು ಮತ್ತು ಕಲಸುವ ಸಲಕರಣೆ ಶುಭ್ರವಾಗಿರಲೇಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿ, ಅದರ ಹರಳಿನೊಳಗೆ ಸೇರಿಕೊಂಡ ನೀರಿನ ಮುಕ್ಕಾಲು ಪಾಲನ್ನು ಹೊರಹಾಕಿ ಈ ಪುಡಿಯನ್ನು ತಯಾರಿಸಲಾಗುತ್ತದೆ. ನಾವು ನೀರು ಸೇರಿಸಿದಾಗ ಪುಡಿಯು ಕಳೆದುಕೊಂಡ ನೀರನ್ನು ಮರಳಿ ಪಡೆದು, ಸೂಜಿಯಂತಹ ಹರಳುಗಳಾಗಿ ಬೆಳೆದು, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ಉಳಿದ ಹಳೆಯ ಗಾರೆಯ ಚೂರುಗಳು ಹೊಸ ಹರಳುಗಳಿಗೆ ಬೀಜದಂತೆ ಕೆಲಸ ಮಾಡುವುದರಿಂದ ಗಾರೆಯು ನಿರೀಕ್ಷಿಸಿದ್ದಕ್ಕಿಂತ ಬಹಳ ಮೊದಲೇ ಬಿಗಿದುಕೊಳ್ಳುತ್ತದೆ. ಬಿಗಿಯತೊಡಗಿದ ಗಾರೆಗೆ ಮತ್ತೆ ನೀರು ಬೆರೆಸಿ ಕಲಕಿದರೆ ಹೆಣೆಯುತ್ತಿರುವ ಹರಳುಗಳು ಮುರಿಯುತ್ತವೆ. ಅಂತಹ ಲೇಪಕ್ಕೆ ಬಲವಿರುವುದಿಲ್ಲ.

ಮೊದಲ ಕೋಟನ್ನು ಕರಣೆಯಿಂದಲೇ ಸುಮಾರು 2 ಮಿ.ಮೀ. ದಪ್ಪಕ್ಕೆ ಹಚ್ಚಬೇಕು. ಈ ಹಂತದಲ್ಲಿ ನುಣುಪಿನ ಬಗ್ಗೆ ಚಿಂತಿಸದೆ, ಎಲ್ಲ ಕಡೆಯೂ ಗಾರೆ ಕೂತಿದೆಯೇ ಎಂಬುದನ್ನಷ್ಟೇ ನೋಡಬೇಕು. ಹಚ್ಚಿ ಮುಗಿಸಿದ ಕೂಡಲೇ, ಗಾರೆ ಇನ್ನೂ ಮೆತ್ತಗಿರುವಾಗ, ಬ್ಲೇಡನ್ನು ಕೈಗೆತ್ತಿಕೊಳ್ಳಬೇಕು. ಎರಡೂ ಕೈಗಳನ್ನು ಹಿಡಿಪಟ್ಟಿಯ ಮೇಲೆ ದೂರದೂರವಾಗಿ ಇಡುವುದು ಅಗತ್ಯ. ನಡುಮಧ್ಯದಲ್ಲಿ ಹಿಡಿದು ಒತ್ತಿದರೆ ಅಲಗು ಬಾಗಿ, ಮಧ್ಯದಲ್ಲಿ ಹೆಚ್ಚು ಗಾರೆಯನ್ನು ಎಳೆದು, ನೀವೇ ಒಂದು ಹೊಸ ತಗ್ಗನ್ನು ಉಂಟುಮಾಡಿದಂತಾಗುತ್ತದೆ. ಗೋಡೆಗೂ ಬ್ಲೇಡಿಗೂ ನಡುವೆ 30 ಡಿಗ್ರಿಯ ಆಸುಪಾಸಿನ ಕೋನವಿದ್ದರೆ ಅಲಗು ಗಾರೆಯನ್ನು ಒತ್ತಿ ಹರಡುತ್ತದೆ. ಬ್ಲೇಡನ್ನು ಹೆಚ್ಚು ನೆಟ್ಟಗೆ ನಿಲ್ಲಿಸಿದಷ್ಟೂ ಅದು ಹರಡುವುದನ್ನು ಬಿಟ್ಟು ಕೆರೆಯತೊಡಗುತ್ತದೆ. ಎಲ್ಲಿ ಗಾರೆ ಹೆಚ್ಚಾಗಿದೆಯೋ ಅಲ್ಲಿ ತುಸು ನೆಟ್ಟಗೆ ಹಿಡಿದು ತೆಗೆಯುವುದು, ಎಲ್ಲಿ ಕಡಿಮೆಯಾಗಿದೆಯೋ ಅಲ್ಲಿ ಮಲಗಿಸಿ ಹರಡುವುದು, ಇದೇ ಈ ಕೆಲಸದ ತಿರುಳು.

ಬ್ಲೇಡು ಚಲಿಸುತ್ತಿರುವಾಗಲೇ ಲೇಪವನ್ನು ಮುಟ್ಟಬೇಕು, ಚಲಿಸುತ್ತಿರುವಾಗಲೇ ಅದನ್ನು ಬಿಡಬೇಕು. ನಡುವೆ ನಿಂತರೆ ಅಲ್ಲೊಂದು ಅಡ್ಡಗೆರೆ ಉಳಿಯುತ್ತದೆ, ನಿಂತಲ್ಲೇ ಎತ್ತಿದರೆ ಗಾರೆ ಅಲಗಿಗೆ ಅಂಟಿ ಸಣ್ಣ ದಿಣ್ಣೆಯಾಗುತ್ತದೆ. ಅಲಗು ಸಾಗುವ ದಿಕ್ಕಿಗೆ ಪೂರ್ತಿ ಅಡ್ಡಲಾಗಿರದೆ ಸ್ವಲ್ಪ ಓರೆಯಾಗಿದ್ದರೆ ನಡುಕ ಕಡಿಮೆಯಾಗಿ ಎಳೆತ ಸರಾಗವಾಗುತ್ತದೆ. ಪ್ರತಿ ಎಳೆತವೂ ಹಿಂದಿನದರ ಮೂರನೇ ಒಂದು ಭಾಗದಷ್ಟನ್ನಾದರೂ ಹೊದ್ದುಕೊಂಡು ಸಾಗಬೇಕು. ಮೊದಲ ಸುತ್ತನ್ನು ಮೇಲಿಂದ ಕೆಳಕ್ಕೆ ಎಳೆದಿದ್ದರೆ ಎರಡನೆಯದನ್ನು ಅಡ್ಡಲಾಗಿ ಎಳೆಯಬೇಕು. ಏಕೆಂದರೆ ಒಂದೇ ದಿಕ್ಕಿನಲ್ಲಿ ಎಷ್ಟು ಸಲ ಎಳೆದರೂ ಆ ದಿಕ್ಕಿನ ಅಲೆಗಳು ಹಾಗೆಯೇ ಉಳಿಯುತ್ತವೆ. ಪ್ರತಿ ಎಳೆತದ ಕೊನೆಗೆ ಅಲಗಿಗೆ ಅಂಟಿದ ಗಾರೆಯನ್ನು ಕರಣೆಯಿಂದ ಒರೆಸಿಕೊಳ್ಳಲೇಬೇಕು. ಬೇಸರದ ಕೆಲಸವೆಂದು ಇದನ್ನು ಬಿಟ್ಟಲ್ಲಿಯೇ ಗೆರೆಗಳು ಹುಟ್ಟುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಗೆರೆಯೊಂದು ಕಂಡೊಡನೆ ಮತ್ತೆ ಮತ್ತೆ ಉಜ್ಜುವ ಆಸೆಯಾಗುತ್ತದೆ. ಹಾಗೆ ಮಾಡಬಾರದು. ಹಸಿ ಲೇಪವನ್ನು ಅತಿಯಾಗಿ ಕೆದಕಿದರೆ ಅದರೊಳಗಿನ ನೀರು ಮೇಲಕ್ಕೆ ಬಂದು ಮೇಲ್ಪದರ ತೆಳುಗಂಜಿಯಂತಾಗುತ್ತದೆ. ಎರಡು ಸುತ್ತು ಎಳೆದು ಬಿಟ್ಟರೆ, ಉಳಿದದ್ದನ್ನು ಎರಡನೆಯ ಕೋಟು ಸರಿಪಡಿಸುತ್ತದೆ.

ಮೊದಲ ಕೋಟು ಬೆರಳಿಗೆ ಅಂಟದಷ್ಟು ಬಿಗಿದು, ಪೂರ್ತಿ ಒಣಗುವ ಮೊದಲೇ, ಸುಮಾರು 1 ಮಿ.ಮೀ. ದಪ್ಪದ ಎರಡನೆಯ ಕೋಟನ್ನು ಹಚ್ಚಿ ಮೇಲಿನಂತೆಯೇ ಬ್ಲೇಡು ಎಳೆಯಬೇಕು. ಇಲ್ಲಿಂದ ಮುಂದೆ ಕಾಯುವುದೇ ಕೆಲಸ. ಲೇಪದ ಹೊಳಪು ಮಂಕಾಗತೊಡಗಿದಾಗ ಬೆರಳಿನ ತುದಿಯಿಂದ ಮುಟ್ಟಿ ನೋಡಿದರೆ, ಗಾರೆ ಬೆರಳಿಗೆ ಹತ್ತದೆ, ಆದರೆ ಬೆರಳಚ್ಚು ನಸುವಾಗಿ ಮೂಡುವ ಒಂದು ಹದ ಬರುತ್ತದೆ. ಸ್ಟೀಲ್ ಬ್ಲೇಡನ್ನು ಮತ್ತೆ ಆಡಿಸಲು ಅದೇ ಸಮಯ. ಮೊದಲೇ ಹೋದರೆ ಲೇಪ ಸುಕ್ಕುಗಟ್ಟುತ್ತದೆ. ತಡವಾದರೆ ಲೇಪ ಮಣಿಯುವುದಿಲ್ಲ, ಸ್ಟೀಲು ತಿಕ್ಕಿದ ಕಪ್ಪು ಗೆರೆಗಳಷ್ಟೇ ಉಳಿಯುತ್ತವೆ. ಗಡಿಯಾರವನ್ನು ಇಲ್ಲಿ ನಂಬಲಾಗದು. ಕೋಣೆಯ ಶಾಖ, ಗಾಳಿಯ ಓಡಾಟ ಮತ್ತು ಗೋಡೆಯ ಹೀರಿಕೆ ಪ್ರತಿ ಸಲವೂ ಬೇರೆಯಾಗಿರುವುದರಿಂದ ಬೆರಳಿನ ಪರೀಕ್ಷೆಯೇ ಸರಿಯಾದ ದಾರಿ. ಈ ಸುತ್ತಿನಲ್ಲಿ ಮೇಲೆದ್ದ ತೆಳುಗಾರೆ ಸೂಜಿಮೊನೆಯಂತಹ ರಂಧ್ರಗಳಿಗೆ ತುಂಬಿಕೊಳ್ಳುತ್ತದೆ. ಗೋಡೆ ತೀರ ಬಿಗಿಯೆನಿಸಿದರೆ ನೀರನ್ನು ಹಿಮದಷ್ಟು ನವಿರಾಗಿ ಚಿಮುಕಿಸಬಹುದು; ಹರಿದು ಇಳಿಯುವಷ್ಟು ಚಿಮುಕಿಸಿದರೆ ಮೇಲ್ಮೈ ಬಲಗುಂದಿ, ಒಣಗಿದ ಮೇಲೆ ಪುಡಿಯುದುರುತ್ತದೆ. ಸಮತಟ್ಟಿನ ಕೆಲಸ ಇಲ್ಲಿಗೆ ಮುಗಿಯಿತು. ಉಳಿದ ನುಣುಪನ್ನು ಸಣ್ಣ ಕರಣೆಯಿಂದ ತಂದುಕೊಳ್ಳಬಹುದು.

ಸಿಮೆಂಟ್ ಪುಟ್ಟಿ ಅಥವಾ ಕಲಸಿದ ರೂಪದಲ್ಲೇ ಬರುವ ಪುಟ್ಟಿಯನ್ನು ಬಳಸುವವರಿಗೂ ಬ್ಲೇಡಿನ ಹಿಡಿತ, ಕೋನ, ದಿಕ್ಕುಗಳೆಲ್ಲ ಇವೇ. ಕಾಯುವ ಕ್ರಮ ಮಾತ್ರ ಬೇರೆ. ಕಲಸಿ ಬರುವ ಪುಟ್ಟಿ ನೀರು ಆರುವುದರಿಂದಷ್ಟೇ ಗಟ್ಟಿಯಾಗುವ ಕಾರಣ, ಒಂದು ಕೋಟು ಪೂರ್ತಿ ಒಣಗಿದ ಮೇಲೆ ಎದ್ದ ಗೆರೆಗಳನ್ನು ಕೆರೆದು ಅಥವಾ ಉಜ್ಜಿ ಇನ್ನೊಂದನ್ನು ಹಚ್ಚಬೇಕಾಗುತ್ತದೆ. ಉಜ್ಜುವಾಗ ಮೂಗು ಬಾಯಿಗೆ ಧೂಳು ತಡೆಯುವ ಮಾಸ್ಕ್ ಇರಲೇಬೇಕು.

ಮೂಲೆಗಳಲ್ಲಿ ಬ್ಲೇಡನ್ನು ಒಳಕ್ಕೆ ನುಗ್ಗಿಸುವ ಬದಲು ಮೂಲೆಯಿಂದ ಹೊರಕ್ಕೆ ಎಳೆಯಬೇಕು, ಅಂಚನ್ನು ಸಣ್ಣ ಕರಣೆಯಿಂದ ಮುಗಿಸಬೇಕು. ಸೇರುವ ಎರಡು ಗೋಡೆಗಳನ್ನು ಒಟ್ಟಿಗೆ ಮಾಡದೆ, ಒಂದು ಬಿಗಿದ ನಂತರ ಇನ್ನೊಂದನ್ನು ಹಿಡಿದರೆ ಬ್ಲೇಡಿನ ತುದಿ ಪಕ್ಕದ ಹಸಿ ಲೇಪವನ್ನು ಕೆತ್ತುವ ಭಯವಿರುವುದಿಲ್ಲ.

ಚಾವಣಿಯನ್ನು ಗೋಡೆಗಳಿಗಿಂತ ಮೊದಲು ಮುಗಿಸಬೇಕು. ಏಣಿಯ ಮೇಲೆ ನಿಂತು ಈ ಕೆಲಸ ಮಾಡುವುದು ಅಪಾಯ. ಏಕೆಂದರೆ ಬ್ಲೇಡಿಗೆ ಎರಡೂ ಕೈಗಳು ಬೇಕು, ಒಂದು ಎಳೆತಕ್ಕೆ ಎರಡು ಮೂರು ಹೆಜ್ಜೆಯಾದರೂ ಬೇಕು. ತಲೆಗೂ ಚಾವಣಿಗೂ ನಡುವೆ ಒಂದು ಗೇಣಿನಷ್ಟು ಅಂತರ ಉಳಿಯುವಂತೆ, ಕೋಣೆಯ ಅಗಲಕ್ಕೆ ಭದ್ರವಾದ ಹಲಗೆಯ ಸಾರ್ವೆ ಕಟ್ಟಿಕೊಳ್ಳಬೇಕು. ಕೈಗಳನ್ನು ಪೂರ್ತಿ ಚಾಚಿ ಒತ್ತಿದರೆ ಬೇಗ ದಣಿವಾಗುತ್ತದೆ, ದಣಿದ ಕೈಯ ಒತ್ತಡ ಒಂದೇ ಸಮನಿರುವುದಿಲ್ಲ. ಬ್ಲೇಡನ್ನು ನೇರವಾಗಿ ತಲೆಯ ಮೇಲೆ ಹಿಡಿಯದೆ, ತುಸು ಮುಂದೆ ಇಟ್ಟು, ಹಿಂದಕ್ಕೆ ಹೆಜ್ಜೆಯಿಡುತ್ತ ತನ್ನತ್ತ ಎಳೆದುಕೊಳ್ಳಬೇಕು. ಹೆಜ್ಜೆ ಇಡುವ ಮೊದಲು ಹಲಗೆಯ ಕೊನೆ ಎಲ್ಲಿದೆ ಎಂದು ಪ್ರತಿ ಸಲವೂ ನೋಡಿಕೊಳ್ಳಬೇಕು. ಕೆಲವು ಬ್ಲೇಡುಗಳಿಗೆ ಉದ್ದನೆಯ ಕೋಲು ಸಿಕ್ಕಿಸಿ ನೆಲದ ಮೇಲಿನಿಂದಲೇ ಎಳೆಯಲು ಬರುತ್ತದೆ. ಎರಡನೆಯ ಕೋಟಿನ ಮೊದಲ ಎಳೆತಕ್ಕೆ ಇದು ಬಹಳ ಅನುಕೂಲ. ಕೊನೆಯ ಸುತ್ತಿನ ಸೂಕ್ಷ್ಮ ಒತ್ತಡ ಮಾತ್ರ ಕೋಲಿನ ತುದಿಯಲ್ಲಿ ಕೈಗೆ ತಿಳಿಯುವುದು ಕಷ್ಟ. ಗಾರೆಯ ಹನಿ ಕಣ್ಣಿಗೆ ಬೀಳದಂತೆ ತಡೆಯುವ ರಕ್ಷಣಾ ಕನ್ನಡಕ ಇಲ್ಲದೆ ಚಾವಣಿಗೆ ಕೈ ಹಾಕಬಾರದು. ಕೊನೆಯ ಎಳೆತಗಳು ಮುಖ್ಯ ಕಿಟಕಿಯಿಂದ ಬೆಳಕು ಹರಿದು ಬರುವ ದಿಕ್ಕಿಗೆ ಸಮಾನಾಂತರವಾಗಿದ್ದರೆ, ಉಳಿದುಹೋದ ಸಣ್ಣ ಗೆರೆಗಳು ನೆರಳು ಚೆಲ್ಲುವುದಿಲ್ಲ.

ಕೆಲಸದ ನಡುವೆ ಆಗಾಗ ಒಂದು ಟಾರ್ಚನ್ನು ಮೇಲ್ಮೈಗೆ ತಾಗಿಸಿದಂತೆ ಓರೆಯಾಗಿ ಹಿಡಿದು ನೋಡುವ ಅಭ್ಯಾಸವಿರಲಿ. ನೇರ ಬೆಳಕಿನಲ್ಲಿ ಅಡಗಿದ ತಗ್ಗು ಆಗ ನೆರಳಾಗಿ ಕಾಣಿಸಿಕೊಳ್ಳುತ್ತದೆ. ಲೇಪ ಇನ್ನೂ ಮಣಿಯುವ ಹದದಲ್ಲಿರುವಾಗಲೇ ಅಲ್ಲಿಗೆ ತುಸು ಗಾರೆ ಸವರಿ ಬ್ಲೇಡು ಎಳೆದುಬಿಡಬಹುದು.

ಪ್ರತಿ ಕೋಟು ಮುಗಿದೊಡನೆ ಬ್ಲೇಡನ್ನು ಒದ್ದೆ ಬ್ರಷ್ಷಿನಿಂದ ತೊಳೆಯಬೇಕು, ಹಿಡಿಪಟ್ಟಿಗೂ ಅಲಗಿಗೂ ನಡುವಿನ ಸಂದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಅಲ್ಲಿ ಗಟ್ಟಿಯಾಗಿ ಕುಳಿತ ಚೂರು ಮುಂದಿನ ಕೋಟಿನ ನಡುವೆ ಉದುರಿ, ಅಲಗಿನಡಿ ಸಿಕ್ಕಿ, ಮುಗಿಯುತ್ತ ಬಂದ ಗೋಡೆಯ ಮೇಲೆ ಉದ್ದನೆಯ ಗೀರನ್ನು ಬಿಡುತ್ತದೆ. ತೊಳೆದ ಬ್ಲೇಡನ್ನು ಬಟ್ಟೆಯಿಂದ ಒರೆಸಿ, ಅಂಚಿಗೆ ಕವಚವಿದ್ದರೆ ತೊಡಿಸಿ, ಯಾವುದಕ್ಕೂ ಒರಗಿಸದೆ ಮೊಳೆಗೆ ತೂಗುಹಾಕಬೇಕು.