ಮರದ ಟಾರ್ಚಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ

ಹಳೇ ಟಾರ್ಚಿನ ಒಳಭಾಗ ತೆಗೆದು ಹಲಸಿನ ಮರದಲ್ಲಿ ಹೊಸ ಬಾಡಿ ಕೆತ್ತುವ ಹುಚ್ಚು ನನಗೆ. ಮೊದಲನೆಯದಕ್ಕೆ ಮನೇಲಿದ್ದ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಅದು ಒಣಗುವ ಎಣ್ಣೆಯೇ ಅಲ್ಲ, ನಮ್ಮ ಶಿರಸಿ ಮಳೆಗೆ ಅಂಟಂಟಾಗಿ ಮೇಲೆಲ್ಲಾ ಬೂಸಲು ಬಂತು. ಅಗಸೆ ಎಣ್ಣೆ ತಗೊಳ್ಳಿ, ಅದು ಗಾಳಿ ತಾಗಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ನಿಧಾನ, ಅವಸರ ಬೇಡ.

ನಿಜವಾದ ಕೆಲಸ ಇರುವುದು ಉಜ್ಜುವುದರಲ್ಲಿ. 120 ನಂಬರಿನ ಪಾಲಿಶ್ ಪೇಪರಿನಿಂದ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ) ಶುರು ಮಾಡಿ 220, 320 ಅಂತ ಹೋಗಿ, ನಡುವೆ ಒಂದನ್ನು ಹಾರಿಸಿದರೂ ಹಳೇ ಗೀರುಗಳು ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತವೆ. ಮರದ ಎಳೆಯ ದಿಕ್ಕಿಗೇ ಉಜ್ಜಿ. 220 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಡಿ, ಎಳೆ ಎದ್ದು ಮೈ ತರಿತರಿಯಾಗುತ್ತದೆ, ಆಗ 320 ಹಿಡಿಯಿರಿ. ಸುಮ್ನೆ ಡಬಲ್ ಕೆಲಸ ಅನ್ನಿಸಬಹುದು. ಆದರೆ ದಿನಾ ಕೈ ಬೆವರು ತಾಗುವ ವಸ್ತು ಅಲ್ವಾ, ಈಗ ಬಿಟ್ಟರೆ ಆಮೇಲೆ ಒರಟಾಗುತ್ತದೆ.

ಎಣ್ಣೆ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಮೇಲೆ ಉಳಿದದ್ದನ್ನು ಪೂರಾ ಒರೆಸಿ. ಸೆಲ್ ಮೊದಲೇ ತೆಗೆದಿಟ್ಟಿರಿ. ಇನ್ನೊಂದು, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಬಿಡಿಸಿ, ಅಂಗಳದಲ್ಲಿ ಹರವಿ.