ಪೆಡಲ್ ನಡುಗಿದಾಗ ಕಾಲು ಎತ್ತಬೇಡಿ: ಬ್ರೇಕ್ ಕೆಲಸದವನ ಅನುಭವ

ನಾನು ಕಾರುಗಳ ಬ್ರೇಕ್ ಕೆಲಸ ಮಾಡುವವನು. ಪ್ಯಾಡ್ ಬದಲಿಸೋದು, ಡಿಸ್ಕ್ ನೋಡೋದು, ಪೈಪಿನಿಂದ ಏರ್ ತೆಗೆಯೋದು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗೋದು ನಿಂತು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಯಾಕೆ ಉರಿಯುತ್ತಿದೆ ಅಂತ ಹುಡುಕೋದು, ಇದೇ ನನ್ನ ದಿನಚರಿ. ಗ್ಯಾರೇಜಿಗೆ ಒಂದು ದೂರು ಮಾತ್ರ ತಪ್ಪದೆ ಬರುತ್ತದೆ. "ಜೋರಾಗಿ ಬ್ರೇಕ್ ಒತ್ತಿದೆ, ಪೆಡಲ್ ಕಾಲನ್ನೇ ಒದ್ದ ಹಾಗಾಯ್ತು, ಕೆಳಗಿನಿಂದ ಕರಕರ ಸದ್ದು ಬಂತು, ಹೆದರಿ ಕಾಲು ತೆಗೆದುಬಿಟ್ಟೆ, ಏನೋ ಮುರಿದಿರಬೇಕು ನೋಡಿ." ನೋಡಿದರೆ ಏನೂ ಮುರಿದಿರುವುದಿಲ್ಲ. ಎಬಿಎಸ್ ತನ್ನ ಕೆಲಸ ಮಾಡಿದೆ, ಅಷ್ಟೆ. ಎಡವಟ್ಟು ಆಗಿದ್ದು ಕಾಲು ತೆಗೆದಾಗ. ಬ್ರೇಕ್ ಅತಿ ಜಾಸ್ತಿ ಬೇಕಾಗಿದ್ದ ಹೊತ್ತಿನಲ್ಲೇ ಬ್ರೇಕ್ ಇಲ್ಲದಂತಾಯಿತು.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಆ ಎಬಿಎಸ್ ಫ್ಯೂಸ್ ಕಿತ್ತುಬಿಡಿ, ಹಳೇ ಕಾರಿನ ಬ್ರೇಕೇ ಚೆನ್ನಾಗಿತ್ತು" ಅನ್ನುತ್ತಾರೆ. ನಾನು ಕೀಳುವುದಿಲ್ಲ. ಸಮಯ ಇದ್ದರೆ ಅವರನ್ನೇ ಕರೆದುಕೊಂಡು ಒಂದು ಖಾಲಿ ಮೈದಾನಕ್ಕೆ ಹೋಗುತ್ತೇನೆ. ಯಾಕೆಂದರೆ ನಾನೂ ಇದನ್ನು ಕಲಿತದ್ದು ಹಾಗೆಯೇ. ಎಬಿಎಸ್ ಯೂನಿಟ್ಟನ್ನು ಬಿಚ್ಚಿ ಜೋಡಿಸಿದಾಗ ಅರ್ಥವಾಗದ ಸಂಗತಿಗಳು, ಪಕ್ಕದ ಸೀಟಿನಲ್ಲಿ ಸ್ಕ್ಯಾನರ್ (ಕಾರಿನ ಕಂಪ್ಯೂಟರನ್ನು ಓದುವ ಯಂತ್ರ) ಹಿಡಿದು ಕೂತಾಗ ಅರ್ಥವಾದವು.

ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರಗಳ ವೇಗವನ್ನು ಬೇರೆ ಬೇರೆಯಾಗಿ ನೋಡಬಹುದು. ಪರದೆ ಸ್ವಲ್ಪ ನಿಧಾನ, ಹಾಗಾಗಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಗ್ರಾಫ್ ನೋಡಬೇಕು. ನೆಟ್ಟಗೆ ಹೋಗುವಾಗ ನಾಲ್ಕು ಗೆರೆಗಳೂ ಒಂದರ ಮೇಲೊಂದು ಕೂತಿರುತ್ತವೆ. ಒದ್ದೆ ನೆಲದಲ್ಲಿ ಬ್ರೇಕನ್ನು ಪೂರ್ತಿ ಒತ್ತಿದಾಗ, ಮೂರು ಗೆರೆ ಸಮನಾಗಿ ಇಳಿಯುತ್ತಿರುವಾಗಲೇ ಒಂದು ಗೆರೆ ತಟ್ಟನೆ ಕೆಳಕ್ಕೆ ಜಾರುತ್ತದೆ, ಮತ್ತೆ ಎದ್ದು ಬಂದು ಉಳಿದವುಗಳ ಜೊತೆ ಸೇರಿಕೊಳ್ಳುತ್ತದೆ, ಮತ್ತೆ ಜಾರುತ್ತದೆ. ಆ ಗರಗಸದ ಹಲ್ಲಿನಂಥ ಗೆರೆಯೇ ಎಬಿಎಸ್. ಒಂದೊಂದು ಹಲ್ಲೂ ನಿಮ್ಮ ಪಾದಕ್ಕೆ ಒಂದೊಂದು ಒದೆತ.

ಒಳಗೆ ನಡೆಯುವುದು ಇಷ್ಟು. ಪ್ರತಿ ಚಕ್ರದ ಬಳಿ ಒಂದು ಸೆನ್ಸರ್ ಇದೆ. ಅದರ ಎದುರು ಹಲ್ಲಿನ ರಿಂಗ್ ಅಥವಾ ಬೇರಿಂಗಿನಲ್ಲೇ ಕೂರಿಸಿದ ಆಯಸ್ಕಾಂತದ ರಿಂಗ್ ತಿರುಗುತ್ತಿರುತ್ತದೆ. ಕಾರಿನ ವೇಗಕ್ಕಿಂತ ಒಂದು ಚಕ್ರದ ವೇಗ ತೀರಾ ಬೇಗ ಇಳಿಯಿತು ಅಂದರೆ ಅದು ಲಾಕ್ ಆಗಲು ಹೊರಟಿದೆ ಅಂತ ಲೆಕ್ಕ. ಕೂಡಲೇ ಆ ಚಕ್ರದ ಪೈಪಿಗೆ ಹೋಗುವ ವಾಲ್ವ್ ಮುಚ್ಚಿಕೊಳ್ಳುತ್ತದೆ, ನೀವು ಇನ್ನೆಷ್ಟು ಒತ್ತಿದರೂ ಅಲ್ಲಿ ಬ್ರೇಕ್ ಆಯಿಲಿನ ಒತ್ತಡ ಏರದು. ಅದೂ ಸಾಲದಿದ್ದರೆ ಇನ್ನೊಂದು ವಾಲ್ವ್ ತೆರೆದು ಒತ್ತಡ ಇಳಿಸುತ್ತದೆ. ಚಕ್ರ ಮತ್ತೆ ಉರುಳಲು ಶುರುವಾದಾಗ ಒತ್ತಡ ಮತ್ತೆ ಏರುತ್ತದೆ, ಬಿಟ್ಟ ಆಯಿಲನ್ನು ಪಂಪ್ ವಾಪಸ್ ತಳ್ಳುತ್ತದೆ. ಇದೆಲ್ಲ ಸೆಕೆಂಡಿಗೆ ಹಲವಾರು ಸಲ. ಕರಕರ ಸದ್ದು ಪಂಪಿನದು ಮತ್ತು ವಾಲ್ವಿನದು.

ಚಕ್ರವನ್ನು ಪೂರ್ತಿ ಉರುಳಲು ಬಿಡುವುದೂ ಇಲ್ಲ, ಪೂರ್ತಿ ನಿಲ್ಲಿಸುವುದೂ ಇಲ್ಲ, ಯಾಕೆ ಅಂತ ಕೇಳಬಹುದು. ಡಾಂಬರು ರಸ್ತೆಯಲ್ಲಿ ಟಯರ್ ಅತಿ ಹೆಚ್ಚು ಹಿಡಿತ ಕೊಡೋದು ಸುಮಾರು ಶೇ 10ರಿಂದ 20ರಷ್ಟು ಜಾರುತ್ತಿರುವಾಗ. ಅಂದರೆ ಕಾರು ಹೋಗುವ ವೇಗಕ್ಕಿಂತ ಚಕ್ರ ಅಷ್ಟು ನಿಧಾನವಾಗಿ ಉರುಳಬೇಕು. ಪೂರ್ತಿ ಲಾಕ್ ಆದ ಚಕ್ರ ಸುಮ್ನೆ ಉಜ್ಜಿಕೊಂಡು ಹೋಗುತ್ತದೆ, ಪಕ್ಕಕ್ಕೆ ತಿರುಗುವ ಶಕ್ತಿ ಅದಕ್ಕೆ ಇರುವುದೇ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಕಾರು ನೆಟ್ಟಗೇ ಜಾರುತ್ತದೆ. ಮೊದಲು ವಿಮಾನಗಳ ಚಕ್ರಕ್ಕೆ ಇಂಥ ಏರ್ಪಾಡು ಬಂತು. ಈಗಿನ ಎಲೆಕ್ಟ್ರಾನಿಕ್ ರೂಪದ್ದನ್ನು ಬಾಷ್ ಕಂಪನಿ ಮಾಡಿ, 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸಿಗೆ ಹಾಕಿತು.

"ಎಬಿಎಸ್ ಇದ್ದರೆ ಬೇಗ ನಿಲ್ಲುತ್ತೆ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಒದ್ದೆ ಡಾಂಬರಿನಲ್ಲಿ ಸಾಮಾನ್ಯವಾಗಿ ಹೌದು. ಸಡಿಲ ಜಲ್ಲಿಯ ಮೇಲೆ, ದಪ್ಪ ಹಿಮದ ಮೇಲೆ ಇಲ್ಲ, ಅಲ್ಲಿ ಇನ್ನೂ ದೂರ ಹೋಗಬಹುದು. ಲಾಕ್ ಆದ ಚಕ್ರ ತನ್ನ ಮುಂದೆ ಜಲ್ಲಿಯನ್ನು ಗುಡ್ಡೆ ಹಾಕಿಕೊಳ್ಳುತ್ತದೆ, ಆ ಗುಡ್ಡೆಯೇ ಕಾರನ್ನು ತಡೆಯುತ್ತದೆ. ಎಬಿಎಸ್ ಚಕ್ರವನ್ನು ಉರುಳಿಸುತ್ತಲೇ ಇರುವುದರಿಂದ ಗುಡ್ಡೆ ಕಟ್ಟುವುದೇ ಇಲ್ಲ. ಹಾಗಾಗಿ ಮಣ್ಣು ರಸ್ತೆ ಕಂಡಾಗ ಅಂತರ ಜಾಸ್ತಿ ಬಿಡಿ. ಎಬಿಎಸ್ ನಿಜವಾಗಿ ಉಳಿಸಿಕೊಡುವುದು ಸ್ಟೀರಿಂಗನ್ನು. ಪೂರ್ತಿ ಬ್ರೇಕ್ ಒತ್ತಿಕೊಂಡೇ ಎದುರಿನ ಅಡ್ಡಿಯನ್ನು ತಪ್ಪಿಸಿ ಪಕ್ಕಕ್ಕೆ ಹೋಗಬಹುದು.

ದೂರದ ಲೆಕ್ಕ ಒಂದನ್ನು ಎಲ್ಲರಿಗೂ ಬರೆದು ತೋರಿಸುತ್ತೇನೆ. ಒಳ್ಳೆ ಟಯರ್, ಒಣ ರಸ್ತೆ, ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 8 ಮೀಟರಿನಷ್ಟು ಇಳಿಯುತ್ತದೆ ಅಂದುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ವೇಗದಿಂದ ನಿಲ್ಲಲು ಸುಮಾರು 12 ಮೀಟರ್ ಬೇಕು. 100ರಿಂದ ನಿಲ್ಲಲು 48. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 100ರ ವೇಗದ ಕಾರು ಇನ್ನೂ 28 ಮೀಟರ್ ಹೋಗಿರುತ್ತದೆ, ಅಂದರೆ ಒಟ್ಟು 76. ರಸ್ತೆಯ ಹಿಡಿತ ಅರ್ಧಕ್ಕಿಳಿದರೆ ಆ 48 ಇದ್ದದ್ದು 96 ಆಗುತ್ತದೆ. ಯಾವ ಕಂಪ್ಯೂಟರೂ ಈ ಲೆಕ್ಕವನ್ನು ಬದಲಿಸುವುದಿಲ್ಲ.

ಇನ್ನು ಮೈದಾನದಲ್ಲಿ ನಾನು ಮಾಡಿಸುವುದು. ಜಾಗ ಅಗಲವಾಗಿರಬೇಕು, ಜನ, ಪ್ರಾಣಿ, ಕಂಬ ಯಾವುದೂ ಹತ್ತಿರ ಇರಬಾರದು, ಜಾಗದವರ ಒಪ್ಪಿಗೆ ಇರಬೇಕು. ಕಾರಿನೊಳಗೆ ಸಡಿಲವಾಗಿರುವ ನೀರಿನ ಬಾಟಲಿ, ಜಾಕ್, ಚೀಲ ಎಲ್ಲ ಹೊರಗಿಡಿ. ಬಾಟಲಿ ಉರುಳಿ ಬಂದು ಪೆಡಲ್ ಕೆಳಗೆ ಸಿಕ್ಕಿಕೊಳ್ಳೋದು ಬರೀ ಮಾತಲ್ಲ. ಟಯರಿನ ಗಾಳಿ ನೋಡಿಕೊಳ್ಳಿ. ಸೀಟು ಮುಂದಕ್ಕೆ ಎಳೆದುಕೊಳ್ಳಿ: ಬ್ರೇಕನ್ನು ತಳದವರೆಗೆ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಕಾಲು ಪೂರ್ತಿ ಚಾಚಿ ಓಡಿಸುವವರಿಗೆ ಕೊನೆಯ ಒತ್ತು ಕೊಡಲು ಬಲವೇ ಬರುವುದಿಲ್ಲ.

ಗಂಟೆಗೆ 30ರಿಂದ 40ರ ವೇಗ ಸಾಕು. ನೆಟ್ಟಗೆ ಬನ್ನಿ, ಒಂದೇ ಸಲಕ್ಕೆ ಪೆಡಲನ್ನು ಎಷ್ಟು ಬಲ ಇದೆಯೋ ಅಷ್ಟೂ ಹಾಕಿ ಒತ್ತಿ, ಗೇರ್ ಕಾರಾದರೆ ಕ್ಲಚ್ಚನ್ನೂ ಒತ್ತಿ, ಕಾರು ಪೂರ್ತಿ ನಿಲ್ಲುವವರೆಗೆ ಬಿಡಬೇಡಿ. ಮೊದಲ ಸಲ ಯಾರೂ ಸಾಕಷ್ಟು ಒತ್ತುವುದಿಲ್ಲ. ವರ್ಷಗಟ್ಟಲೆ ಮೆತ್ತಗೆ ಬ್ರೇಕ್ ಹಾಕಿ ರೂಢಿಯಾದ ಕಾಲು, "ಪೂರ್ತಿ ಒತ್ತಿ" ಅಂದರೂ ಅರ್ಧಕ್ಕೇ ನಿಂತುಬಿಡುತ್ತದೆ. ಅದಕ್ಕೇ ಕಾರಿನವರು 1990ರ ದಶಕದಲ್ಲಿ ಬ್ರೇಕ್ ಅಸಿಸ್ಟ್ ತಂದದ್ದು. ಪೆಡಲ್ ತಟ್ಟನೆ ಕೆಳಗಿಳಿದ ವೇಗ ನೋಡಿ, ಇದು ತುರ್ತು ಅಂತ ಗುರುತಿಸಿ, ಒತ್ತಡವನ್ನು ಅದೇ ಏರಿಸುತ್ತದೆ. ಆದರೂ ಕಾಲು ಸಡಿಲ ಬಿಟ್ಟರೆ ಅದೂ ಬಿಟ್ಟುಬಿಡುತ್ತದೆ.

ನಡುಕ ಬಂದಾಗ ಕಾಲು ಹಿಂದೆ ಸರಿಯದಿರುವುದನ್ನು ಕಲಿಯಲು ಕೆಲವು ಸಲ ಮಾಡಬೇಕಾಗುತ್ತದೆ. ಹಳೇ ಕಾರು ಓಡಿಸಿದವರಿಗೆ ಇನ್ನೊಂದು ಚಾಳಿ ಇದೆ, ಜಾರಿತು ಅಂದ ಕೂಡಲೇ ಒತ್ತಿ-ಬಿಟ್ಟು ಒತ್ತಿ-ಬಿಟ್ಟು ಮಾಡೋದು. ಎಬಿಎಸ್ ಇಲ್ಲದ ಕಾರಿಗೆ ಅದು ಸರಿ. ಇದ್ದ ಕಾರಿನಲ್ಲಿ ಪ್ರತಿ ಸಲ ಬಿಟ್ಟಾಗಲೂ ದೂರ ಹಾಳು.

ಆಮೇಲೆ ಒಂದು ಖಾಲಿ ಡಬ್ಬ ಇಟ್ಟು, ಬ್ರೇಕ್ ಒತ್ತಿಕೊಂಡೇ ಅದನ್ನು ತಪ್ಪಿಸುವ ಅಭ್ಯಾಸ. ಇಲ್ಲಿ ಕಣ್ಣಿನದೇ ಕೆಲಸ ಜಾಸ್ತಿ. ಡಬ್ಬವನ್ನೇ ನೋಡುತ್ತಾ ಕೂತರೆ ಕೈಯೂ ಅತ್ತಲೇ ಹೋಗುತ್ತದೆ, ಡಬ್ಬ ಚಪ್ಪಟೆ. ಖಾಲಿ ಇರುವ ಕಡೆ ನೋಡಿದರೆ ಕಾರು ಅತ್ತ ಹೋಗುತ್ತದೆ. ಸ್ಟೀರಿಂಗ್ ಜಾಸ್ತಿ ಎಳೆಯಬಾರದು. ಟಯರಿನ ಹಿಡಿತ ತಿಂಗಳ ಸಂಬಳದ ಹಾಗೆ, ಬ್ರೇಕಿಗೆಷ್ಟು ಕೊಟ್ಟಿರೋ ಅಷ್ಟು ತಿರುವಿಗೆ ಕಡಿಮೆ.

ಸ್ಥಿರತೆ ಕಾಯುವ ವ್ಯವಸ್ಥೆಯನ್ನು, ಅಂದರೆ ಇಎಸ್‌ಸಿ ಅಥವಾ ಇಎಸ್‌ಪಿಯನ್ನು, ಮೈದಾನದಲ್ಲಿ ಬೇಕಂತಲೇ ಎಬ್ಬಿಸುವ ಪ್ರಯೋಗ ನಾನು ಯಾರಿಂದಲೂ ಮಾಡಿಸುವುದಿಲ್ಲ. ಅದಕ್ಕೆ ತರಬೇತಿ ಟ್ರ್ಯಾಕ್ ಬೇಕು. ಕಾರು ಅಡ್ಡ ತಿರುಗಿದರೆ ಜಾಗ ಸಾಲುವುದಿಲ್ಲ, ಎತ್ತರದ ಗಾಡಿಯಾದರೆ ಮಗುಚಲೂಬಹುದು. ಆದರೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದಿರಬೇಕು. ನೀವು ಎತ್ತ ಹೋಗಬೇಕೆಂದಿದ್ದೀರಿ ಅನ್ನುವುದು ಅದಕ್ಕೆ ಸ್ಟೀರಿಂಗ್ ಸೆನ್ಸರಿನಿಂದ ಗೊತ್ತಾಗುತ್ತದೆ. ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ, ಪಕ್ಕಕ್ಕೆ ಎಷ್ಟು ಎಳೆಯುತ್ತಿದೆ ಅನ್ನುವುದನ್ನು ಕಾರಿನ ಮಧ್ಯಭಾಗದಲ್ಲಿರುವ ಇನ್ನೊಂದು ಸೆನ್ಸರ್ ಹೇಳುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಒಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಎಡಕ್ಕೆ ತಿರುಗುವಾಗ ಕಾರಿನ ಮೂತಿ ತಿರುಗದೆ ನೆಟ್ಟಗೆ ಜಾರಿದರೆ ಮುಖ್ಯವಾಗಿ ಹಿಂದಿನ ಎಡ ಚಕ್ರಕ್ಕೆ, ಹಿಂಭಾಗ ಆಚೆಗೆ ಬೀಸಿದರೆ ಮುಂದಿನ ಬಲ ಚಕ್ರಕ್ಕೆ. ಜೊತೆಗೆ ಎಂಜಿನ್ನಿನ ಶಕ್ತಿಯನ್ನೂ ತಗ್ಗಿಸುತ್ತದೆ. ನಾಲ್ಕು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಲು ಮನುಷ್ಯನಿಗೆ ಒಂದೇ ಪೆಡಲ್ ಇದೆ, ಹಾಗಾಗಿ ಈ ಕೆಲಸ ಎಂಥ ಪಳಗಿದ ಡ್ರೈವರನಿಂದಲೂ ಆಗದು.

ಇಎಸ್‌ಸಿ 1995ರಲ್ಲಿ ಬಂತು, ಮೊದಲು ದುಬಾರಿ ಕಾರುಗಳಿಗೆ. 1997ರಲ್ಲಿ ಸ್ವೀಡನ್ನಿನಲ್ಲಿ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂಥ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಚಿಕ್ಕ ಎ-ಕ್ಲಾಸ್ ಕಾರು ಮಗುಚಿತು. ಕಂಪನಿ ಆ ಕಾರಿಗೆಲ್ಲ ಇಎಸ್‌ಪಿ ಹಾಕಿಕೊಟ್ಟಿತು, ಚಿಕ್ಕ ಕಾರುಗಳಿಗೂ ಇದು ಬೇಕು ಅನ್ನುವ ಮಾತು ಗಟ್ಟಿಯಾಯಿತು. ಅಮೆರಿಕ 2012ರ ಮಾಡೆಲ್‌ಗಳಿಂದ, ಯೂರೋಪಿನ ಒಕ್ಕೂಟ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಿದವು.

ಓಡಿಸುವಾಗ ಡ್ಯಾಶ್‌ಬೋರ್ಡಿನಲ್ಲಿ, ಕಾರಿನ ಹಿಂದೆ ವಕ್ರ ಗೆರೆ ಇರುವ ಹಳದಿ ಚಿತ್ರ ಮಿಣುಕಿದರೆ, ಇಎಸ್‌ಸಿ ಈಗಷ್ಟೇ ಕೈ ಹಾಕಿದೆ ಅಂತ ಅರ್ಥ. ಪರವಾಗಿಲ್ಲ ಕಾರು ನೋಡಿಕೊಳ್ಳುತ್ತೆ ಅಂತ ಅದೇ ವೇಗದಲ್ಲಿ ಹೋಗುವವರಿದ್ದಾರೆ, ನನಗೆ ಅದು ಅರ್ಥವೇ ಆಗುವುದಿಲ್ಲ. ಒಂದು ತಿರುವಿನಲ್ಲಿ 50ರ ಬದಲು 60ರಲ್ಲಿ ಹೋದರೆ ಬೇಕಾಗುವ ಹಿಡಿತ ಶೇ 44 ಜಾಸ್ತಿ. ಅಷ್ಟು ಹಿಡಿತ ಟಯರಿನಲ್ಲಿ ಇಲ್ಲದಿದ್ದರೆ ಇಎಸ್‌ಸಿ ಎಲ್ಲಿಂದ ತರುತ್ತದೆ? ಆಫ್ ಬಟನ್ ಇರುವುದು ಕೆಸರಲ್ಲೋ ಮರಳಲ್ಲೋ ಸಿಕ್ಕಿಬಿದ್ದಾಗ ಚಕ್ರ ಸ್ವಲ್ಪ ಗಿರ್ರನೆ ತಿರುಗಲಿ ಅಂತ. ಹೊರಗೆ ಬಂದ ಮೇಲೆ ಆನ್ ಮಾಡಿ.

ಗ್ಯಾರೇಜಿನ ಕಡೆಯಿಂದ ಎರಡು ಮೂರು ಮಾತು. ಕಾರು ಇನ್ನೇನು ನಿಲ್ಲಬೇಕು, ಒಣ ರಸ್ತೆ, ಮೆತ್ತಗೆ ಒತ್ತಿದ್ದೀರಿ, ಆಗ ಪೆಡಲ್ ನಡುಗಿದರೆ ಅದು ಎಬಿಎಸ್ಸಿನ ಕೆಲಸ ಅಲ್ಲ, ಕಾಯಿಲೆ. ನಾನು ಹೆಚ್ಚಾಗಿ ಕಂಡಿರುವ ಕಾರಣ ಹಲ್ಲಿನ ರಿಂಗ್. ಅದರ ಅಡಿಯಲ್ಲಿ ತುಕ್ಕು ಕಟ್ಟಿ ರಿಂಗ್ ಒಂದು ಕಡೆ ಉಬ್ಬುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಮೀಸೆಯಂತೆ ಅಂಟಿರುತ್ತದೆ. ನಿಧಾನದಲ್ಲಿ ಸಿಗ್ನಲ್ ತಪ್ಪಿಹೋಗಿ, ಚಕ್ರ ನಿಂತೇಬಿಟ್ಟಿತು ಅಂತ ಕಂಪ್ಯೂಟರ್ ತಿಳಿದು ಬ್ರೇಕ್ ಬಿಡುತ್ತದೆ. ಒರೆಸಿದರೆ ಕೆಲವೊಮ್ಮೆ ಸರಿಹೋಗುತ್ತದೆ, ರಿಂಗ್ ಕೆಟ್ಟಿದ್ದರೆ ಬದಲಿಸಲೇಬೇಕು.

ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಇಎಸ್‌ಸಿ ಲೈಟ್ ಬಂದರೆ ಗಾಬರಿ ಬೇಡ. ಸ್ಟೀರಿಂಗ್ ಸೆನ್ಸರಿಗೆ "ಇದು ನೆಟ್ಟಗೆ" ಅಂತ ಸ್ಕ್ಯಾನರಿನಿಂದ ಹೊಸದಾಗಿ ಹೇಳಿಕೊಡಬೇಕಾಗಬಹುದು, ಕೇಳಿ ಮಾಡಿಸಿ. ನಾಲ್ಕು ಟಯರ್‌ಗಳ ಸೈಜ್ ಬೇರೆ ಬೇರೆ ಇದ್ದರೂ, ಒಂದು ತೀರಾ ಸವೆದಿದ್ದರೂ ಚಕ್ರದ ವೇಗದ ಲೆಕ್ಕ ತಪ್ಪುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ಅದು ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಿ, ಹಲವು ಕಾರುಗಳಿಗೆ ಅದು ಎರಡು ವರ್ಷ. ಇಳಿಜಾರಿನಲ್ಲಿ ಚಿಕ್ಕ ಗೇರಿನಲ್ಲಿ ಇಳಿಯಿರಿ.

ಹಳದಿ ಎಬಿಎಸ್ ಲೈಟ್ ಒಂದೇ ಉರಿಯುತ್ತಿದ್ದರೆ ಮಾಮೂಲಿ ಬ್ರೇಕ್ ಇರುತ್ತದೆ, ಎಬಿಎಸ್ ಇರುವುದಿಲ್ಲ. ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗುತ್ತದೆ, ನಿಧಾನವಾಗಿ ಗ್ಯಾರೇಜಿಗೆ ತನ್ನಿ. ಕೆಂಪು ಬ್ರೇಕ್ ಲೈಟೂ ಜೊತೆಗೆ ಬಂದಿದ್ದರೆ, ಮೊದಲು ಹ್ಯಾಂಡ್‌ಬ್ರೇಕ್ ಬಿಟ್ಟಿದೆಯಾ ನೋಡಿ. ಬಿಟ್ಟಿದ್ದೂ ಉರಿಯುತ್ತಿದ್ದರೆ ಆಯಿಲ್ ಕಡಿಮೆ ಇರಬಹುದು, ಅಥವಾ ಹಿಂದೆ-ಮುಂದಿನ ಬ್ರೇಕ್ ಹಂಚುವ ಇಬಿಡಿಯೂ ಹೋಗಿರಬಹುದು. ಹಾಗಾದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಗಿರ್ರನೆ ತಿರುಗಿಬಿಡಬಹುದು. ಅದನ್ನು ಓಡಿಸಿಕೊಂಡು ಬರಬೇಡಿ, ಎತ್ತಿಸಿಕೊಂಡು ಬನ್ನಿ.