ತೆಂಗಿನ ತೋಟಕ್ಕೆ ಬಳ್ಳಿ ಹೊದಿಸಿದ್ದು

ತಿಪಟೂರು ಸೀಮೆಯಲ್ಲಿ ತೆಂಗಿನ ತೋಟ ಅಂದರೆ ಕನ್ನಡಿ ಹಂಗಿರಬೇಕು. ನಾಲ್ಕು ಹುಲ್ಲು ಎದ್ದಿದ್ದು ಕಂಡರೆ ಸಾಕು, ದಾರಿಯಲ್ಲಿ ಹೋಗುವವರು ನಿಂತು 'ಏನಪ್ಪಾ, ತೋಟ ಪಾಳು ಬಿಟ್ಟೆಯಾ' ಅಂತ ಕೇಳುತ್ತಾರೆ. ಆ ಮಾತಿಗೆ ಹೆದರಿಯೇ ನಾನು ವರ್ಷಕ್ಕೆ ನಾಲ್ಕು ಸಲ ಟ್ರ್ಯಾಕ್ಟರ್ ಹೊಡೆಸುತ್ತಿದ್ದೆ. ಹದಿನೈದು ದಿನಕ್ಕೆ ಜೇಕು ಅನ್ನುವ ಗಡ್ಡೆ ಹುಲ್ಲು ಮತ್ತೆ ತಲೆ ಎತ್ತುತ್ತಿತ್ತು. ಉಳುಮೆಯೇ ಅದರ ಗಡ್ಡೆಯನ್ನು ಎಳೆದು ತೋಟದ ತುಂಬ ಬಿತ್ತುತ್ತಿದೆ, ಜೊತೆಗೆ ಮೇಲ್ಮಣ್ಣಲ್ಲಿರುವ ತೆಂಗಿನ ಬೇರನ್ನೂ ಕತ್ತರಿಸುತ್ತಿದೆ ಅನ್ನುವುದು ತಲೆಗೆ ಹೋಗಲು ವರ್ಷಗಳೇ ಬೇಕಾದವು.

ಕಳೆಯನ್ನು ಮುಚ್ಚಿಹಾಕುವ ಬಳ್ಳಿ ಬೆಳೆಸೋಣ ಅಂತ ಮೊದಲ ಸಲ ಹುರುಳಿ ಎರಚಿದೆ. ಹುಬ್ಬೆ ಮಳೆ ಬಿದ್ದ ಮಾರನೇ ದಿನ, ಎರಡು ಎಕರೆಗೆ ಹತ್ತೇ ಕೆಜಿ. ಜಿಪುಣತನಕ್ಕೆ ತಕ್ಕ ಫಲ ಸಿಕ್ಕಿತು: ಹುರುಳಿ ಅಲ್ಲೊಂದು ಇಲ್ಲೊಂದು, ನಡುವೆ ಕಾಂಗ್ರೆಸ್ ಹುಲ್ಲು ಸೊಂಪಾಗಿ. ಹುಟ್ಟಿದ್ದರಲ್ಲೂ ಅರ್ಧ ಪಕ್ಕದವರ ಮೇಕೆಗಳ ಪಾಲಾಯಿತು.

ಮರುವರ್ಷ ರೋಹಿಣಿ ಮಳೆಗೆ ವೆಲ್ವೆಟ್ ಬೀನ್ಸ್ ಹಾಕಿದೆ. ಇದು ನಸುಗುನ್ನಿಯ ಜಾತಿಯದೇ, ಆದರೆ ಸಾಕಿದ ತಳಿ, ಕಾಯಿ ಮುಟ್ಟಿದರೆ ನವೆಯಿಲ್ಲ. ಕೆಲಸಕ್ಕೆ ಬಂದವರಿಗೆ ಇದನ್ನು ನಂಬಿಸಲು ನಾನೇ ಕಾಯಿಯನ್ನು ಕೈಗೆ ಉಜ್ಜಿ ತೋರಿಸಬೇಕಾಯಿತು. ಬೀಜ ರಾತ್ರಿ ನೆನೆಸಿ, ಬೆಳಿಗ್ಗೆ ಬೇರಿನಲ್ಲಿ ಗಂಟು ಕಟ್ಟಿಸುವ ರೈಜೋಬಿಯಂ ಅನ್ನುವ ಜೀವಾಣು ಗೊಬ್ಬರವನ್ನು ಬೆಲ್ಲದ ನೀರಲ್ಲಿ ಕಲಸಿ ಸವರಿ, ನೆರಳಲ್ಲಿ ಆರಿಸಿದೆ. ಒಂದು ಕೊನೆಯ ಉಳುಮೆ ಮಾಡಿ, ಮರದ ಬುಡದಿಂದ ಆರಡಿ ಬಿಟ್ಟು, ಮೂರಡಿಗೊಂದು ಗುಣಿಯಲ್ಲಿ ಎರಡೆರಡು ಕಾಳು ಊರಿದೆ.

ಬಿತ್ತಿದ ಮೇಲೆ ಕಳೆಯ ಚಿಂತೆ ತೀರಿತು ಅಂದುಕೊಂಡರೆ ಕೆಟ್ಟಿರಿ. ಮೊದಲ ಒಂದು ತಿಂಗಳು ಬಳ್ಳಿ ಕೂಸು, ಕಳೆಯೇ ಯಜಮಾನ. ಇಪ್ಪತ್ತೈದನೇ ದಿನಕ್ಕೆ ಒಂದು ಸಲ ಕುಂಟೆ ಹೊಡೆಸಿದೆ. ಹುರುಳಿಯಲ್ಲಿ ನಾನು ತಪ್ಪಿದ್ದು ಇಲ್ಲೂ. ಆಮೇಲೆ ಬಳ್ಳಿ ತನ್ನ ಪಾಡಿಗೆ ತಾನು ಓಡಿತು. ಎರಡು ತಿಂಗಳಿಗೆ ಸಾಲುಗಳ ನಡುವೆ ಮಣ್ಣೇ ಕಾಣಲಿಲ್ಲ. ಎಲೆ ಸರಿಸಿ ನೋಡಿದರೆ ಕಾಂಗ್ರೆಸ್ ಗಿಡಗಳು ಬೆಳಕಿಲ್ಲದೆ ಬಿಳಿಚಿ, ಕಡ್ಡಿಯಂತಾಗಿ ಬಿದ್ದಿದ್ದವು. ಗರಿಕೆಯೂ ಸೋತಿತು. ಜೇಕು ಮಾತ್ರ ನೆಲದೊಳಗೆ ಕಾದು ಕೂತು, ಬಳ್ಳಿ ಒಣಗಿದ ಮೇಲೆ ಮತ್ತೆ ಎದ್ದಿತು. ಮೂರನೇ ವರ್ಷಕ್ಕೆ ತೆಳುವಾಗಿದೆ, ಹೋಗಿಲ್ಲ.

ಒಂದು ವೆಲ್ವೆಟ್ ಗಿಡ ಕಿತ್ತು ಬೇರಿನ ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ ಅಂತ ಅರ್ಥ. ನಾನು ಯೂರಿಯಾ ನಿಲ್ಲಿಸಿದ್ದು ಇದನ್ನು ನೋಡಿದ ಮೇಲೆ. ಹಾಗಂತ ಪೊಟ್ಯಾಷ್ ನಿಲ್ಲಿಸಲಿಲ್ಲ. ತೆಂಗು ಬಹಳ ಕೇಳುವುದು ಅದನ್ನೇ, ಬಳ್ಳಿ ಅದನ್ನು ಗಾಳಿಯಿಂದ ತರುವುದಿಲ್ಲ.

ಪಾಡು ಪಟ್ಟಿದ್ದು ಬೇರೆ ವಿಷಯಕ್ಕೆ. ಬಳ್ಳಿಗೆ ಮರ ಕಂಡರೆ ಹತ್ತುವ ಚಟ. ಎರಡು ವರ್ಷದ ತೆಂಗಿನ ಸಸಿಯೊಂದರ ಸುಳಿಗೇ ಸುತ್ತಿಕೊಂಡು ಅದನ್ನು ಬಗ್ಗಿಸಿಬಿಟ್ಟಿತ್ತು. ಈಗ ಹತ್ತು ದಿನಕ್ಕೊಮ್ಮೆ ಕುಡುಗೋಲು ಹಿಡಿದು ಒಂದು ಸುತ್ತು ಹಾಕುತ್ತೇನೆ. ಇನ್ನೊಂದು, ಬಿದ್ದ ಕಾಯಿ ಸಿಗುತ್ತಿರಲಿಲ್ಲ. ಎಷ್ಟೋ ಕಾಯಿ ಬಳ್ಳಿಯ ಅಡಿಯಲ್ಲೇ ಮೊಳಕೆ ಬಂದವು. ಕಾಯಿ ಆಯುವ ಹೆಂಗಸರು 'ಹಾವಿದ್ದರೆ ಏನಣ್ಣ ಮಾಡೋದು' ಅಂತ ಒಳಗೆ ಕಾಲಿಡಲಿಲ್ಲ. ಅವರ ಭಯ ಸುಳ್ಳಲ್ಲ. ಹಾಗಾಗಿ ಈಗ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಮಾತ್ರ ವೆಲ್ವೆಟ್. ಓಡಾಡುವ ಸಾಲಲ್ಲಿ ಗಿಡ್ಡ ಅಲಸಂದೆ, ಮನೆಗೆ ಕಾಯಿಯೂ ಆಗುತ್ತದೆ.

ವೆಲ್ವೆಟ್ ಕಾಯಿ ಬಲಿಯುವ ಮೊದಲೇ ಬುಡ ಕತ್ತರಿಸಿ ಬಳ್ಳಿಯನ್ನು ಅಲ್ಲೇ ಮಲಗಿಸುತ್ತೇನೆ, ಮೂಲೆಯ ನಾಲ್ಕು ಸಾಲು ಬೀಜಕ್ಕೆ. ಮಳೆ ಕೈಕೊಟ್ಟ ವರ್ಷ ಇನ್ನೂ ಮುಂಚೆ ಕತ್ತರಿಸಿದೆ. ಹಸಿರಾಗಿರುವವರೆಗೂ ಅದೂ ಮರದ ಜೊತೆ ನೀರು ಕುಡಿಯುತ್ತದಲ್ಲ. ಒಣಗಿದ ಹೊದಿಕೆಯಡಿ ಬೇಸಿಗೆಯಲ್ಲೂ ಮಣ್ಣು ತಣ್ಣಗಿರುತ್ತದೆ. ನಾಲ್ಕು ದಿನಕ್ಕೊಮ್ಮೆ ಬಿಡುತ್ತಿದ್ದ ನೀರನ್ನು ಈಗ ವಾರಕ್ಕೊಮ್ಮೆ ಬಿಡುತ್ತಿದ್ದೇನೆ.

ಜೇಕು ಜಾಸ್ತಿ ಇರುವ ಕೆಳಗಿನ ಮೂಲೆಗೆ ಈ ಸಲ ಭರಣಿ ಮಳೆಗೇ ಹಸಿರೆಲೆ ಗೊಬ್ಬರದ ಗಿಡವಾದ ಅಪ್ಸೆಣಬನ್ನು ಒತ್ತಾಗಿ ಎರಚಿ, ಹೂ ಬರುವಾಗ ಕತ್ತರಿಸಿ, ಅದರ ಮೇಲೆ ವೆಲ್ವೆಟ್ ಊರುವ ಲೆಕ್ಕ ಹಾಕಿದ್ದೇನೆ. ಬೀಜಕ್ಕೆ ಈ ಸಲ ಜಿಪುಣತನ ಮಾಡುತ್ತಿಲ್ಲ.